ಹಾಡು ಚಿನ್ನ, ಸೌಂಡು ತಗಡು

ಬೆಳಗಾವಿಯ ತಿಲಕವಾಡಿಯಲ್ಲಿ ಮಹಡಿ ಮೇಲಿನ ಈ ಪುಟ್ಟ ಜಾಝ್ ಕ್ಲಬ್ಬಿನಲ್ಲಿ ನಲವತ್ತು ಮಂದಿ ಕೂತರೆ ಭರ್ತಿ. ಮೇಳ ಚಿಕ್ಕದು: ಗಾಯಕಿ, ಕೀಬೋರ್ಡು, ಬೇಸ್ ಗಿಟಾರು, ಡ್ರಮ್ಸು. ಎಂಟೂವರೆ ಎಂದು ಬೋರ್ಡು, ಮೊದಲ ಸ್ವರ ಕೇಳಿದ್ದು ಒಂಬತ್ತಕ್ಕೆ.

ಗಾಯಕಿಗೆ ಮೈಕು ಪಳಗಿದೆ. ಪಿಸುದನಿಯ ಸಾಲಿಗೆ ಅದನ್ನು ತುಟಿಯಿಂದ ಎರಡು ಬೆರಳಿನಷ್ಟು ಹತ್ತಿರಕ್ಕೆ ತರುತ್ತಾರೆ. ಹತ್ತಿರ ಬಂದಷ್ಟೂ ಮಂದ್ರ ದಪ್ಪವಾಗುವುದು ಇಂಥ ಮೈಕಿನ ಗುಣ. ತಾರಕ್ಕೇರುವಾಗ ಅದೇ ಕೈ ಒಂದು ಗೇಣು ಹಿಂದೆ ಸರಿಯುತ್ತದೆ. ಸಾಲನ್ನು ತಾಳಕ್ಕಿಂತ ತುಸು ತಡವಾಗಿ ಎತ್ತಿ, 32 ಬಾರುಗಳ (ತಾಳದ ಸುತ್ತುಗಳ) ಆವರ್ತ ಮುಗಿಯುವಷ್ಟರಲ್ಲಿ ಮೇಳದವರನ್ನು ಕೂಡಿಕೊಳ್ಳುತ್ತಾರೆ. ತಾಳದ ಮೊದಲ ಪೆಟ್ಟಾದ ಸಮಕ್ಕಾಗಿ ಕಾಯುವ ಚಟವಿರುವ ಊರಿದು, ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಪಕ್ಕದಲ್ಲೇ ಇದೆ. ಈ ಆಟ ಮಂದಿಗೆ ತಕ್ಷಣ ಹಿಡಿಸಿತು. ಅರ್ಥವಿಲ್ಲದ ಅಕ್ಷರಗಳಲ್ಲೇ ಹಾಡುವ ಸ್ಕ್ಯಾಟ್ ಕೇಳಿದರೆ ಹಿಂದೂಸ್ತಾನಿಯ ತರಾನಾ ನೆನಪಾಗುತ್ತದೆ. ಆದರೆ ಇಲ್ಲಿ ಕೆಳಗಿನ ಕಾರ್ಡು (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬದಲಾದಾಗೆಲ್ಲ ಗಾಯಕಿ ನಿಲ್ಲುವ ಸ್ವರವೂ ಬದಲಾಗಬೇಕು. ಆಕೆ ಒಮ್ಮೆಯೂ ಎಡವಲಿಲ್ಲ.

ಎಡವಿದ್ದು ಚಪ್ಪಾಳೆ. ಸ್ವಿಂಗ್ ಎಂಬ ಜಾಝ್ ನಡೆಯಲ್ಲಿ ಹೈ-ಹ್ಯಾಟ್ (ಡ್ರಮ್ಸಿನ ಜೋಡಿ ತಟ್ಟೆ) ಮುಚ್ಚುವುದು ನಾಲ್ಕು ಪೆಟ್ಟುಗಳಲ್ಲಿ 2 ಮತ್ತು 4ಕ್ಕೆ. ಮಂದಿ ಭಜನೆಗೆ ತಟ್ಟಿದಂತೆ 1 ಮತ್ತು 3ಕ್ಕೆ ತಟ್ಟಿದರು.

ಇನ್ನು ಸೌಂಡು. ಆಪರೇಟರು ಈ ಕೋಣೆಯನ್ನು ಮಂಗಲ ಕಾರ್ಯಾಲಯ ಎಂದುಕೊಂಡಂತಿದೆ. ಟೈಲ್ಸ್ ನೆಲ, ಒಂದು ಬದಿ ಪೂರಾ ಗಾಜು, ಮೊದಲೇ ಗುಂಯ್‌ಗುಡುವ ಜಾಗ. ಅದರ ಮೇಲೆ ರಿವರ್ಬ್ (ಕೃತಕ ಮಾರ್ದನಿ) ಬೇರೆ ಸುರಿದಿದ್ದಾರೆ. ಮೂರನೇ ಹಾಡಿಗೆ ಮೈಕು ಕಿರುಚಿತು. ಕಾರಣ ಸರಳ: ಗಾಯಕಿಗೆ ತನ್ನ ದನಿ ಕೇಳಿಸುವ ಸ್ಪೀಕರು, ಅಂದರೆ ಮಾನಿಟರ್ ಡಬ್ಬ, ಆಕೆಯ ಪಕ್ಕಕ್ಕಿತ್ತು. ಕಾರ್ಡಿಯಾಯ್ಡ್ ಮೈಕು, ಅಂದರೆ ಮುಖ್ಯವಾಗಿ ಎದುರಿನ ದನಿ ಹಿಡಿಯುವ ಇಂಥ ಮೈಕು, ಅತಿ ಕಡಿಮೆ ಕೇಳುವುದು ತನ್ನ ಬಾಲದ ಕಡೆ. ಡಬ್ಬವನ್ನು ಆಕೆಯ ಎದುರಿಗಿಟ್ಟು, ಮೈಕಿನ ಬಾಲ ಅದರತ್ತ ಇರುವಂತೆ ನೋಡಿಕೊಂಡರೆ ಅರ್ಧ ತಕರಾರು ಮುಗಿಯುತ್ತದೆ. ಗಾಜಿಗೆ ದಪ್ಪ ಪರದೆ, ಡ್ರಮ್ಸಿನಡಿ ಒಂದು ನವಲಗುಂದದ ಜಮಖಾನೆ ಹಾಕಿದರೆ ಉಳಿದದ್ದೂ ಬಹಳಷ್ಟು ಸರಿಹೋದೀತು. ಕಡೆಗೆ ಎದ್ದು ಬಂದು ಹಾಡಿದ ಅತಿಥಿಯೊಬ್ಬರು ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದರು. ಹಾಗೆ ಮುಚ್ಚಿದರೆ ಅದಕ್ಕೆ ಬಾಲದ ಕಡೆಯೂ ಕೇಳತೊಡಗುತ್ತದೆ, ಮತ್ತೆ ಕಿರುಚಾಟ.

ಎರಡನೇ ಸೆಟ್ಟಿನ ನಡುವೆ ಕರೆಂಟು ಹೋಯಿತು. ಕೀಬೋರ್ಡು ಸತ್ತಿತು, ಬೇಸಿನ ಆಂಪ್ ಸತ್ತಿತು, ಪಾನೀಯದ ಬಾರಿನಲ್ಲಿ ಗುರುಗುಡುವ ಮಿಕ್ಸರೂ ನಿಂತಿತು (ಅದೊಂದು ಪುಣ್ಯ). ಗಾಯಕಿ ಮೈಕು ಕೆಳಗಿಟ್ಟು ಹಾಡು ಮುಂದುವರಿಸಿದರು, ಡ್ರಮ್ಮರ್ ಸ್ನೇರ್ ಮೇಲೆ ಬ್ರಷ್ಷನ್ನು ರೊಟ್ಟಿ ಹಿಟ್ಟು ಸವರಿದ ಹಾಗೆ ಸುತ್ತಿಸುತ್ತ ಜೊತೆಗಿದ್ದ. ಹಿಂದಿನ ಗೋಡೆಯವರೆಗೆ ಆಕೆಯ ಉಸಿರೂ ಕೇಳಿತು. ಜನರೇಟರ್ ಬಂದೊಡನೆ ಮತ್ತೆ ರಿವರ್ಬು.

ಕೂರುವುದಾದರೆ ಎರಡನೇ ಸಾಲು, ಡ್ರಮ್ಸಿನ ಎದುರು ಬದಿ. ಬಾರಿನ ಹತ್ತಿರದ ಎತ್ತರದ ಸ್ಟೂಲು ಬೇಡ. ಶೇಂಗಾ ಮಸಾಲಾ ಚೆನ್ನಾಗಿದೆ, ಕಾಫಿ ಅಷ್ಟಕ್ಕಷ್ಟೇ.