ಪಾಚಿ ತಿನ್ನೋ ಟರ್ಬೊ ಬಸವನಹುಳು: ಹುಳು ಚೆನ್ನ, ಅಂಗಡಿಯವರ ಮಾತು ಸಾಲದು

ಕಾಫಿ ತೋಟಕ್ಕೆ ನುಗ್ಗಿದ ಬಸವನಹುಳುವಿಗೆ ಉಪ್ಪು ಸುರಿಯುವ ಕೊಡಗಿನವರು ನಾವು, ಅದನ್ನೇ ದುಡ್ಡು ಕೊಟ್ಟು ತಂದರೆ ಮನೆಯವರು ನಗದೆ ಇರುತ್ತಾರಾ? ಆದರೆ ಈ ಟರ್ಬೊ ಸಮುದ್ರದ್ದು, ಉಪ್ಪುನೀರು ಇಲ್ಲದಿದ್ದರೆ ಬದುಕಲ್ಲ.

ಮನೆಯ ಉಪ್ಪುನೀರಿನ ಮೀನಿನ ಟ್ಯಾಂಕ್‌ನ ಪಾಚಿ ತಿನ್ನಲಿ ಅಂತ ಕುಶಾಲನಗರದ ಕಡೆ ಅಕ್ವೇರಿಯಂ ಅಂಗಡಿಯೊಂದರಲ್ಲಿ ತಗೊಂಡೆ. ಕೆಲಸ ಮಾತ್ರ ಸೂಪರ್. ದಡದ ಬಂಡೆಗಳ ಮೇಲೆ ಇರುವ ಜೀವಿ, ಹೆಚ್ಚಾಗಿ ರಾತ್ರಿಯೇ ಮೇಯುತ್ತದೆ. ಗಾಜಿಗೆ ಅಂಟಿದಾಗ ಹೊರಗಿನಿಂದ ನೋಡಿ, ಸಣ್ಣ ಹಲ್ಲುಗಳ ನಾಲಿಗೆ ಚಾಚಿ ಪಾಚಿ ಕೆರೆಯುತ್ತಾ, ಹಿಂದೆ ಅಂಕುಡೊಂಕು ಗೆರೆ ಬಿಡುತ್ತಾ ಹೋಗುತ್ತದೆ.

ಪಾಚಿ ಮುಗಿದರೆ ಇದು ಉಪವಾಸ ಬೀಳುತ್ತದೆ, ಒಣಗಿದ ಕಡಲಪಾಚಿ ಹಾಕಬೇಕು, ತಾಮ್ರ ಇರುವ ಮೀನಿನ ಔಷಧಿ ಇದಕ್ಕೆ ವಿಷ, ಇದ್ಯಾವುದನ್ನೂ ಅಂಗಡಿಯವರು ಹೇಳಲಿಲ್ಲ. ಕೇಳಿದರೆ "ಸುಮ್ನೆ ಬಿಡಿ ಸಾರ್, ತಿನ್ಕೊಂಡಿರುತ್ತೆ" ಅಂದರು! ಚಿಕ್ಕ ಟ್ಯಾಂಕ್ ಇರುವವರು ಜಾಸ್ತಿ ತರಬೇಡಿ.