ಪೆಡಲ್‌ಗಳೆಲ್ಲ ಆಂಪ್‌ನ ಮುಂದೆಯೋ, ಅರ್ಧ ಲೂಪ್‌ನೊಳಗೋ: ಕಲಬುರಗಿಯ ವೇದಿಕೆಗಳಲ್ಲಿ ನುಡಿಸಿ ನೋಡಿದ ಹೋಲಿಕೆ

ಎಫೆಕ್ಟ್ಸ್ ಲೂಪ್ (ಸಿಗ್ನಲನ್ನು ನಡುವೆ ಹೊರತೆಗೆದು ಮತ್ತೆ ಒಳಗೆ ಕೊಡುವ ದಾರಿ) ಇರುವ ಗಿಟಾರ್ ಆಂಪ್ಲಿಫೈಯರ್, ಅಂದರೆ ಆಂಪ್ ಒಂದನ್ನು ಹೈದರಾಬಾದಿನಿಂದ ಕೊಂಡು ತಂದಂದಿನಿಂದ, ಗಿಟಾರಿನ ನಾದ ಬದಲಿಸುವ ನನ್ನ ಪೆಡಲ್‌ಗಳನ್ನು ಎರಡು ಬಗೆಯಲ್ಲಿ ಜೋಡಿಸಿ ನುಡಿಸುತ್ತ ಬಂದಿದ್ದೇನೆ. ಮೊದಲ ಬಗೆಯಲ್ಲಿ ಗಿಟಾರಿನಿಂದ ಹೊರಟ ಸಿಗ್ನಲ್ ಫಜ್, ವಾ, ಓವರ್‌ಡ್ರೈವ್ (ಫಜ್, ಓವರ್‌ಡ್ರೈವ್ ಸ್ವರವನ್ನು ಒಡೆಸುವಂಥವು, ವಾ ಪಾದದಿಂದ ನಾದ ಬದಲಿಸುವಂಥದ್ದು), ಕೋರಸ್ (ಸ್ವರವನ್ನು ತುಂಬಿಕೊಡುವಂಥದ್ದು), ಡಿಲೇ (ಪ್ರತಿಧ್ವನಿ), ರಿವರ್ಬ್ (ಅನುರಣನ) ಎಲ್ಲವನ್ನೂ ದಾಟಿ ಒಂದೇ ಕೇಬಲ್‌ನಲ್ಲಿ ಆಂಪ್‌ನ ಕ್ಲೀನ್ ಚಾನೆಲ್, ಅಂದರೆ ಸ್ವರವನ್ನು ಒಡೆಸದ ದಾರಿಯನ್ನು ಸೇರುತ್ತದೆ. ಎರಡನೆಯದು ನಾಲ್ಕು ಕೇಬಲ್‌ಗಳ ವಿಧಾನ. ಅದರಲ್ಲಿ ಫಜ್, ವಾ, ಓವರ್‌ಡ್ರೈವ್‌ಗಳು ಆಂಪ್‌ನ ಮುಂದಿರುತ್ತವೆ, ಕೋರಸ್, ಡಿಲೇ, ರಿವರ್ಬ್‌ಗಳು ಲೂಪ್‌ನೊಳಗೆ, ಅಂದರೆ ಸ್ವರ ರೂಪಿಸುವ ಪ್ರಿ-ಆಂಪ್‌ಗೂ ಸದ್ದನ್ನು ದೊಡ್ಡದು ಮಾಡುವ ಪವರ್ ಆಂಪ್‌ಗೂ ನಡುವೆ ಕೂರುತ್ತವೆ. ಮದುವೆಯ ಆರ್ಕೆಸ್ಟ್ರಾಗಳಲ್ಲಿ, ಜಾತ್ರೆಯ ಭಕ್ತಿಗೀತೆಗಳಲ್ಲಿ, ಒಮ್ಮೊಮ್ಮೆ ಡಾ. ಎಸ್.ಎಂ. ಪಂಡಿತ ರಂಗಮಂದಿರದ ವಚನ ಗಾಯನದಲ್ಲಿ ನುಡಿಸುವ ನನಗೆ ಮೊದಲನೆಯದೇ ಹೆಚ್ಚು ಹಿಡಿಸಿದೆ.

ಲೂಪ್‌ನ ಗುಣವನ್ನು ಅಲ್ಲಗಳೆಯುವಂತಿಲ್ಲ. ಆಂಪ್‌ನ ಸ್ವಂತ ಡಿಸ್ಟಾರ್ಷನ್ (ಸ್ವರದ ಒಡೆತ) ಬಳಸುವವರು ಡಿಲೇಯನ್ನು ಮುಂದಿಟ್ಟರೆ, ಮೂಲ ಸ್ವರವೂ ಅದರ ಪ್ರತಿಧ್ವನಿಗಳೂ ಒಟ್ಟಾಗಿ ಪ್ರಿ-ಆಂಪ್‌ನಲ್ಲಿ ಒಡೆಯುತ್ತವೆ. ಕ್ರಮೇಣ ಕ್ಷೀಣಿಸಬೇಕಾದ ಪ್ರತಿಧ್ವನಿಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತು ಮುಂದಿನ ಸ್ವರದ ಮೇಲೆ ಬೀಳುತ್ತವೆ. ಅದೇ ಡಿಲೇ ಲೂಪ್‌ನೊಳಗಿದ್ದರೆ ಒಡೆದ ಸ್ವರದ ಪ್ರತಿಧ್ವನಿ ಮಾತ್ರ ಸ್ವಚ್ಛವಾಗಿ ಕೇಳಿ ನಿಧಾನವಾಗಿ ಮರೆಯಾಗುತ್ತದೆ. ಆದರೆ ಡಿಸ್ಟಾರ್ಷನ್ ಆಂಪ್‌ನಿಂದ ಬರದೆ ಪೆಡಲ್‌ನಿಂದಲೇ ಬರುವಾಗ, ಡಿಲೇಯನ್ನು ಆ ಪೆಡಲ್‌ನ ನಂತರ ಇಟ್ಟು ಆಂಪನ್ನು ಕ್ಲೀನ್ ಆಗಿ ಉಳಿಸಿಕೊಂಡರೆ ಇದೇ ಫಲ ಒಂದೇ ಕೇಬಲ್‌ನಲ್ಲಿ ಸಿಗುತ್ತದೆ. ನಾನು ಮೊದಲಿನಿಂದಲೂ ಓವರ್‌ಡ್ರೈವ್ ಪೆಡಲನ್ನೇ ನಂಬಿಕೊಂಡವನಾದ್ದರಿಂದ ಲೂಪ್‌ನ ಬಹುಪಾಲು ಲಾಭ ನನಗೆ ಒದಗುವುದೇ ಇಲ್ಲ.

ನಾಲ್ಕು ಕೇಬಲ್‌ಗಳ ವಿಧಾನದಲ್ಲಿ ನನ್ನನ್ನು ಕಾಡಿದ್ದು ಒಂದೇ ತೊಡಕು: ಗುಂಯ್ ಎನ್ನುವ ಸದ್ದು. ಮನೆಯಲ್ಲಿ ಅಷ್ಟಾಗಿ ಕೇಳದ ಈ ಸದ್ದು ಶಾಮಿಯಾನದ ಕೆಳಗೆ, ಜನರೇಟರ್ ಕರೆಂಟ್‌ನಲ್ಲಿ, ಗಾಯಕರು ಆಲಾಪಕ್ಕೆ ಉಸಿರೆಳೆದುಕೊಳ್ಳುವ ಮೌನದಲ್ಲಿ ಮೊದಲ ಸಾಲಿನವರಿಗೂ ಕೇಳಿಸುವಷ್ಟಾಗುತ್ತದೆ. ಕಾರಣ ಸರಳ. ಗಿಟಾರಿನಿಂದ ಬರುವ ಕೇಬಲ್ ಬಿಟ್ಟರೆ, ಪೆಡಲ್‌ಗಳನ್ನು ಜೋಡಿಸಿದ ಪೆಡಲ್‌ಬೋರ್ಡ್‌ನಿಂದ ಆಂಪ್‌ನ ಇನ್‌ಪುಟ್‌ಗೆ ಒಂದು ಕೇಬಲ್, ಲೂಪ್‌ನ ಹೊರದಾರಿಯಾದ ಸೆಂಡ್‌ನಿಂದ ಬೋರ್ಡಿಗೆ ಇನ್ನೊಂದು, ಬೋರ್ಡಿನಿಂದ ಒಳದಾರಿಯಾದ ರಿಟರ್ನ್‌ಗೆ ಮತ್ತೊಂದು ಹೋಗುತ್ತವೆ. ಮೂರರ ಹೊರಕವಚದ ತಂತಿಗಳೂ ಆಂಪ್‌ನ ಅರ್ಥ್‌ಗೇ ಸೇರುತ್ತವೆ. ಪೆಡಲ್‌ಗಳೆಲ್ಲ ಒಂದೇ ಅಡಾಪ್ಟರ್‌ನ ಕವಲು ತಂತಿಯಿಂದ ಕರೆಂಟ್ ಪಡೆಯುತ್ತಿದ್ದರೆ ಅಲ್ಲಿಯೂ ಅವುಗಳ ಅರ್ಥ್ ಕೂಡಿಕೊಂಡು ಒಂದು ದೊಡ್ಡ ಬಳೆಯಾಕಾರದ ದಾರಿ ಏರ್ಪಡುತ್ತದೆ. ಸುತ್ತಲಿನ ವಿದ್ಯುತ್ ತಂತಿಗಳ 50 ಹರ್ಟ್ಸ್ ಕಾಂತಕ್ಷೇತ್ರ ಆ ಬಳೆಯಲ್ಲಿ ಸಣ್ಣ ಪ್ರವಾಹವನ್ನು ಹುಟ್ಟಿಸುತ್ತದೆ, ಅದನ್ನು ಆಂಪ್ ದೊಡ್ಡದು ಮಾಡಿ ಕೇಳಿಸುತ್ತದೆ. ಅದರ ಮೇಲೆ ಬೋರ್ಡಿನ ಕರೆಂಟ್ ಒಂದು ಮೂಲೆಯ ಸಾಕೆಟ್‌ನಿಂದ, ಆಂಪ್‌ನದು ಡ್ರಮ್ಸ್ ಹಿಂದಿನ ಇನ್ನೊಂದು ಸಾಕೆಟ್‌ನಿಂದ ಬಂದಿದ್ದು, ಎರಡಕ್ಕೂ ಅರ್ಥಿಂಗ್ ಇದ್ದರೆ ಮತ್ತೊಂದು ಬಳೆ ಸೇರಿಕೊಳ್ಳುತ್ತದೆ.

ಒಂದು ಕಾರ್ಯಕ್ರಮದಲ್ಲಿ ಸೌಂಡ್‌ನ ಹುಡುಗ ಬಂದು, "ಅಣ್ಣಾ, ಆ ದಪ್ಪನ ಪಿನ್ ತೆಗೀರಿ, ಗುಂಯ್ ಅನ್ನೋದು ನಿಂದರ್ತದ" ಎಂದ. ಸದ್ದು ನಿಲ್ಲಬಹುದು, ಆದರೆ ಆ ಪಿನ್ನೇ ಅರ್ಥಿಂಗ್. ಅದನ್ನು ತೆಗೆದ ಆಂಪ್‌ನಲ್ಲಿ ದೋಷ ಕಾಣಿಸಿಕೊಂಡರೆ ಲೋಹದ ಕವಚಕ್ಕೆ ಬಂದ ಕರೆಂಟ್ ಗಿಟಾರಿನ ತಂತಿಯ ಮೂಲಕ ನುಡಿಸುವವರ ಕೈಗೆ ಬರುತ್ತದೆ; ಅದೇ ಕ್ಷಣ ಮೈಕ್‌ಗೆ ತುಟಿ ತಾಗಿದರೆ ಪ್ರಾಣಕ್ಕೇ ಅಪಾಯ. ಈ ಉಪಾಯವನ್ನು ಯಾರು ಹೇಳಿದರೂ ಒಪ್ಪಬಾರದು. ನನಗೆ ನಿಜವಾಗಿ ನೆರವಾದ ಕ್ರಮಗಳು ಬೇರೆ. ಬೋರ್ಡ್ ಮತ್ತು ಆಂಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದೆ, ಮೂರು ಕೇಬಲ್‌ಗಳನ್ನೂ ಉದ್ದಕ್ಕೂ ಒಟ್ಟಿಗೆ ಕಟ್ಟಿ ಬಳೆಯ ವಿಸ್ತಾರ ತಗ್ಗಿಸಿದೆ, ಪ್ರತಿ ಪೆಡಲ್‌ಗೂ ಪ್ರತ್ಯೇಕ ಔಟ್‌ಪುಟ್ ಕೊಡುವ ಐಸೊಲೇಟೆಡ್ ಪವರ್ ಸಪ್ಲೈ ತಂದೆ. ಸದ್ದು ಬಹಳಷ್ಟು ತಗ್ಗಿತು, ಪೂರ್ತಿ ಹೋಗಲಿಲ್ಲ. ರಿಟರ್ನ್ ದಾರಿಯಲ್ಲಿ, ತಂತಿಗಳನ್ನು ನೇರ ಕೂಡಿಸದೆ ಸಿಗ್ನಲನ್ನಷ್ಟೇ ದಾಟಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟ ಮೇಲೆಯೇ ಅದು ನಿಂತದ್ದು. ಅಷ್ಟು ಹೊತ್ತಿಗೆ ಖರ್ಚು ಬೆಳೆದಿತ್ತು, ವೇದಿಕೆ ಸಿದ್ಧಪಡಿಸುವ ಸಮಯವೂ ಬೆಳೆದಿತ್ತು. ಅದೇ ಬೋರ್ಡನ್ನು ಒಂದೇ ಕೇಬಲ್‌ನಲ್ಲಿ ಆಂಪ್‌ನ ಮುಂದೆ ಜೋಡಿಸಿದಾಗ ಪವರ್ ಸಪ್ಲೈ ಮತ್ತು ಎಕ್ಸ್‌ಟೆನ್ಷನ್ ಬೋರ್ಡಿನ ಶಿಸ್ತಷ್ಟೇ ಸಾಕಾಗುತ್ತದೆ.

ಮೊದಲ ಬಗೆಯಲ್ಲಿಯೂ ಗಮನಿಸಬೇಕಾದದ್ದು ಇದೆ. ಸಾಮಾನ್ಯ ಗಿಟಾರ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಕೆಪ್ಯಾಸಿಟೆನ್ಸ್ ಇರುತ್ತದೆ; ಇದು ಹೆಚ್ಚಿದಷ್ಟೂ ತಾರ ಸ್ವರಗಳು ಸೋರಿಹೋಗುತ್ತವೆ. ಗಿಟಾರಿನಿಂದ ಬೋರ್ಡಿಗೆ 6 ಮೀಟರ್, ಬೋರ್ಡಿನಿಂದ ಆಂಪ್‌ಗೆ 6 ಮೀಟರ್ ಎಂದರೆ, ಟ್ರೂ ಬೈಪಾಸ್ (ಆಫ್ ಆದಾಗ ಬರೀ ತಂತಿಯಂತಾಗುವ) ಪೆಡಲ್‌ಗಳನ್ನೆಲ್ಲ ಆಫ್ ಮಾಡಿದಾಗ ಗಿಟಾರಿನ ತಂತಿಗಳ ಕಂಪನವನ್ನು ಸಿಗ್ನಲ್ ಮಾಡುವ ಪಿಕಪ್ ನೇರವಾಗಿ ಸುಮಾರು 1200 ಪಿಕೊಫ್ಯಾರಡ್ ಹೊರಬೇಕಾಗಿ ತಾರ ಸ್ವರಗಳ ಮಿಂಚು ಮಂಕಾಗುತ್ತದೆ. ಇದಕ್ಕೆ ನಡುವೆ ಒಂದು ಬಫರ್, ಅಂದರೆ ಉದ್ದದ ಕೇಬಲ್‌ನ ಹೊರೆಯನ್ನು ಪಿಕಪ್‌ನ ಬದಲು ತಾನು ಹೊರುವ ಸರ್ಕ್ಯೂಟ್ ಬೇಕು. ಬಾಸ್ ಟಿಯು-3 ಟ್ಯೂನರ್‌ನಂತಹ ಬಫರ್ಡ್ ಪೆಡಲ್ ಆ ಕೆಲಸವನ್ನು ತಾನಾಗಿಯೇ ಮಾಡುತ್ತದೆ. ಟ್ಯೂನರನ್ನು ಎಲ್ಲಕ್ಕಿಂತ ಮೊದಲು ಇಡಬೇಕೆಂದು ಹೇಳುವುದುಂಟು. ಫಜ್ ಇರುವವರು ಹಾಗೆ ಮಾಡದಿರುವುದು ಒಳ್ಳೆಯದು. 1966ರಲ್ಲಿ ಬಂದ ಫಜ್ ಫೇಸ್ ಮಾದರಿಯ ಪೆಡಲ್‌ಗಳ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ಬಹಳ ಕಡಿಮೆ. ಅವು ಪಿಕಪ್‌ಗೆ ನೇರವಾಗಿ ಅಂಟಿಕೊಂಡಿದ್ದಾಗ ಮಾತ್ರ ಗಿಟಾರಿನ ವಾಲ್ಯೂಮ್ ಇಳಿಸಿದೊಡನೆ ಸ್ವರ ತಿಳಿಯಾಗುತ್ತದೆ, ನಡುವೆ ಬಫರ್ ಬಂದರೆ ಸ್ವರ ಕರ್ಕಶವಾಗಿ ಆ ಗುಣ ಕಳೆದುಹೋಗುತ್ತದೆ. ಆದ್ದರಿಂದ ನನ್ನ ಸರಣಿಯಲ್ಲಿ ಫಜ್ ಮೊದಲು, ಟ್ಯೂನರ್ ಅದರ ನಂತರ.

ನಮ್ಮ ಊರಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕೆಲವು ಫಜ್‌ಗಳಲ್ಲಿರುವ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಲ್ಲಿ ಉಷ್ಣತೆ ಏರಿದಂತೆ ಸೋರಿಕೆ ಪ್ರವಾಹ ಹೆಚ್ಚುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟಿದ ದಿನ, ಸಂಜೆಯವರೆಗೆ ಟೆಂಪೊದಲ್ಲಿ ಕಾದ ನನ್ನ ಜರ್ಮೇನಿಯಂ ಫಜ್‌ನಲ್ಲಿ ದೀರ್ಘ ಸ್ವರದ ಬಾಲ ತುಂಡುತುಂಡಾಗಿ ಕತ್ತರಿಸಿದಂತೆ ಕೇಳುತ್ತಿತ್ತು. ಈಗ ಬೇಸಿಗೆಯಲ್ಲಿ ಸಿಲಿಕಾನ್ ಫಜ್ ಮಾತ್ರ ಒಯ್ಯುತ್ತೇನೆ.

ವಾ ಎರಡೂ ಬಗೆಯಲ್ಲಿ ಓವರ್‌ಡ್ರೈವ್‌ನ ಮೊದಲೇ ಇರಲಿ. ರಿವರ್ಬ್ ಕೊನೆಗೆ. ವಾಲ್ಯೂಮ್ ಪೆಡಲ್‌ನ ಸ್ಥಾನ ಮಾತ್ರ ಯೋಚಿಸಿ ನಿರ್ಧರಿಸುವಂಥದ್ದು: ಓವರ್‌ಡ್ರೈವ್‌ನ ಮುಂಚೆ ಇಟ್ಟರೆ ಅದು ಸ್ವರದ ಒಡೆತವನ್ನು ಹೆಚ್ಚುಕಡಿಮೆ ಮಾಡುತ್ತದೆ, ನಂತರ ಇಟ್ಟರೆ ಸದ್ದನ್ನು ಮಾತ್ರ ಏರಿಳಿಸುತ್ತದೆ. ನಾನು ಅದನ್ನು ಓವರ್‌ಡ್ರೈವ್ ಆದ ಮೇಲೆ, ಡಿಲೇಗೆ ಮೊದಲು ಇಟ್ಟಿದ್ದೇನೆ. ವಚನದ ಸಾಲು ಮುಗಿದಾಗ ಪಾದ ಹಿಂದಕ್ಕೆಳೆದರೆ ಗಿಟಾರ್ ನಿಂತರೂ ಪ್ರತಿಧ್ವನಿ ಗಾಯಕರ ಮುಂದಿನ ಸಾಲಿನವರೆಗೆ ತೇಲುತ್ತದೆ.

ಕೊನೆಗೆ ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ನನ್ನ ಆಂಪ್ ಅಲ್ಲ, ಬೇರೆಯವರ ಆಂಪ್. ಬೀದರ್‌ಗೋ ಯಾದಗಿರಿಗೋ ಬಸ್ಸಿನಲ್ಲಿ ಹೋಗುವಾಗ ಬೋರ್ಡ್ ಮಾತ್ರ ಒಯ್ಯಲಾಗುತ್ತದೆ; ಅಲ್ಲಿ ಸೌಂಡ್‌ನವರು ಇಟ್ಟ ಆಂಪ್‌ಗೆ ಲೂಪ್ ಇರುವುದೇ ಅಪರೂಪ. ಕೆಲವೆಡೆ ಆಂಪ್ ಕೂಡ ಇರುವುದಿಲ್ಲ, ನೇರ ಮಿಕ್ಸರ್‌ಗೆ ಕೊಡಬೇಕು. ಆಗ ಸರಣಿಯ ತುದಿಗೆ ಸ್ಪೀಕರ್ ಪೆಟ್ಟಿಗೆಯ ನಾದವನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಟರ್ ಒಂದನ್ನು ಸೇರಿಸಿದರೆ ಓವರ್‌ಡ್ರೈವ್‌ನ ಕೀರಲು ಸದ್ದು ತಗ್ಗಿ ಕೆಲಸ ನಡೆಯುತ್ತದೆ. ಉದ್ದದ ಕೇಬಲ್‌ಗಳಿಗೂ ಟ್ರಾನ್ಸ್‌ಫಾರ್ಮರ್‌ಗೂ ಹಾಕಿದ ಹಣವನ್ನು ಮೊದಲೇ ಒಳ್ಳೆಯ ಪವರ್ ಸಪ್ಲೈ ಮತ್ತು ಸಿಮ್ಯುಲೇಟರ್‌ಗೆ ಹಾಕುವುದು ಆರ್ಕೆಸ್ಟ್ರಾ ಸಂಭಾವನೆಯಲ್ಲಿ ಸಾಮಾನು ಕೊಳ್ಳುವವರಿಗೆ ಹೆಚ್ಚು ಉಪಯುಕ್ತ. ಸ್ವಂತ ಆಂಪ್ ಹೊತ್ತು ತಿರುಗಬಲ್ಲವರು, ಅದರ ಡಿಸ್ಟಾರ್ಷನ್ ಇಲ್ಲದೆ ನುಡಿಸಲಾರದವರು ಲೂಪನ್ನೇ ಬಳಸಲಿ, ಆದರೆ ಕೇಬಲ್‌ಗಳನ್ನು ಒಟ್ಟಿಗೆ ಕಟ್ಟಿಯೇ ಬಳಸಲಿ.