‘ಫುಲ್ ಸರ್ವಿಸ್ ಆಗಿದೆ ಸಾರ್’: ಹಳೇ ಆಂಪ್ ಕೊಳ್ಳುವ ಮುನ್ನ ಮುಚ್ಚಳ ತೆಗೆಸಿ

ಬೆಂಗಳೂರಿನಲ್ಲಿ ಕೈಬದಲಾದ ಒಂದು ಜಪಾನಿ ಇಂಟಿಗ್ರೇಟೆಡ್ ಆಂಪ್ಲಿಫೈಯರ್ (ವಾಲ್ಯೂಮ್, ಟೋನ್, ಸ್ಪೀಕರ್ ಓಡಿಸುವ ಭಾಗ ಎಲ್ಲ ಒಂದೇ ಡಬ್ಬದಲ್ಲಿರುವ ಆಂಪ್) ಕಥೆ ಇದು. ಎಪ್ಪತ್ತರ ದಶಕದ ಕೊನೆಯ ಪೀಸು, ಬೆಳ್ಳಿ ಬಣ್ಣದ ಮುಖ, 14 ಕೆಜಿ ತೂಕ. ‘ಎತ್ತಿ ನೋಡಿ ಸಾರ್, ಈಗಿನವು ಇಷ್ಟು ಗಟ್ಟಿ ಬರಲ್ಲ. ಕೆಪಾಸಿಟರ್ ಎಲ್ಲ ಹೊಸದು, ಫುಲ್ ಸರ್ವಿಸ್ ಆಗಿದೆ’ ಎಂದು ಮಾರಿದರು. ಮೂರನೇ ವಾರ ಒಂದು ರಾತ್ರಿ ಎಡಗಡೆ ಸ್ಪೀಕರಿನಿಂದ ‘ಧಪ್’ ಎಂಬ ಸದ್ದು, ಹಿಂದೆಯೇ ಸುಟ್ಟ ವಾಸನೆ. ವೂಫರ್ (ಬೇಸ್ ಸದ್ದಿನ ದೊಡ್ಡ ಸ್ಪೀಕರ್) ಹೋಯಿತು. ಮುಚ್ಚಳ ಬಿಚ್ಚಿದಾಗ ಒಂದಲ್ಲ, ಐದು ತಪ್ಪು ಕಂಡವು.

ಮೊದಲನೆಯದು ಕಾಣಲು ಮುಚ್ಚಳ ತೆಗೆಯುವುದೂ ಬೇಕಿರಲಿಲ್ಲ. ಹಿಂಬದಿಯ ಪಟ್ಟಿಯ ಮೇಲೆ ‘100 ವೋಲ್ಟ್’ ಎಂದೇ ಇತ್ತು. ಅದು ಜಪಾನಿನ ಮನೆಗಳಿಗೆಂದು ಮಾಡಿದ ಮಾಲು. ರಫ್ತಿಗೆ ಮಾಡಿದ ಹಲವು ಪೀಸುಗಳ ಹಿಂದೆ 120, 220, 240 ಎಂದು ಬದಲಿಸುವ ಸೆಲೆಕ್ಟರ್ ಇರುತ್ತದೆ, ಇದಕ್ಕಿರಲಿಲ್ಲ. ಜೊತೆಗೆ ಕೊಟ್ಟ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 230ಕ್ಕೆ 110 ಕೊಡುವಂಥದ್ದು. ರಾತ್ರಿ ಲೋಡ್ ಇಳಿದು ಲೈನು 245ಕ್ಕೆ ಏರಿತೆನ್ನಿ, ಆಗ ಅದು ಕೊಡುವುದು 117. ಅಂದರೆ ಇರಬೇಕಾದ್ದಕ್ಕಿಂತ ನೂರಕ್ಕೆ 17 ಹೆಚ್ಚು. ಒಳಗಿನ ±45 ವೋಲ್ಟ್ ಸಪ್ಲೈ ±52 ದಾಟುತ್ತದೆ. ಚಾರ್ಜ್ ಹಿಡಿದಿಟ್ಟು ಆ ಸಪ್ಲೈಯನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳ ಮೇಲೆ ಬರೆದ ಮಿತಿ ಮಾತ್ರ 50 ವೋಲ್ಟ್.

ಆ ಕೆಪಾಸಿಟರ್‌ಗಳಾದರೂ ಹೊಸವೇ? ಹೊಸದು ಹಾಕಿದ್ದು ಟೋನ್ ಬೋರ್ಡಿನ ಆರೇಳು ಚಿಕ್ಕವನ್ನು ಮಾತ್ರ. 10,000 ಮೈಕ್ರೋಫ್ಯಾರಡ್‌ನ ಎರಡು ದೊಡ್ಡ ಡಬ್ಬಿಗಳು ಕಾರ್ಖಾನೆಯಿಂದ ಬಂದವೇ. ಒಂದರ ತಲೆ ಉಬ್ಬಿತ್ತು. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಒಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಬಳಸದೆ ಅಟ್ಟದ ಮೇಲಿಟ್ಟರೂ ಅದಕ್ಕೆ ವಯಸ್ಸಾಗುತ್ತದೆ.

ಎಡ ಚಾನೆಲ್‌ನಲ್ಲಿ ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿ ಡುಪ್ಲಿಕೇಟ್. ಮೇಲೆ 2ಎಸ್‌ಸಿ5200, 2ಎಸ್‌ಎ1943 ಎಂಬ ಅಚ್ಚು. ಒರಿಜಿನಲ್ ಆದರೆ 230 ವೋಲ್ಟ್, 15 ಆಂಪಿಯರ್, 150 ವ್ಯಾಟ್ ತಡೆಯುವ ಭಾಗ ಅದು. ಡುಪ್ಲಿಕೇಟಿನಲ್ಲಿ ಒಳಗಿನ ಸಿಲಿಕಾನ್ ಚೂರು ತೀರ ಚಿಕ್ಕದಿರುತ್ತದೆ. ಮೆಲ್ಲಗೆ ಹಾಡು ಕೇಳುವವರೆಗೆ ಸುಮ್ಮನಿದ್ದು, ಕಾದ ಮೇಲೆ ಶಾರ್ಟ್ ಆಗುತ್ತದೆ. 4 ಆಂಪಿಯರ್ ಫ್ಯೂಸ್ ಜಾಗದಲ್ಲಿ 10 ಆಂಪಿಯರ್ ಇಟ್ಟಿದ್ದರಿಂದ ಅದೂ ಹಾರಲಿಲ್ಲ.

ಇವೆಲ್ಲಕ್ಕಿಂತ ಸಿಟ್ಟು ತರಿಸುವುದು ರಿಲೇ ವಿಷಯ. ಔಟ್‌ಪುಟ್‌ಗೆ ಡಿಸಿ (ಬ್ಯಾಟರಿಯಂತೆ ಒಂದೇ ದಿಕ್ಕಿನ ಕರೆಂಟ್) ಬಂದರೆ ಸ್ಪೀಕರನ್ನು ಕತ್ತರಿಸಿ ಕಾಯುವುದೇ ಪ್ರೊಟೆಕ್ಷನ್ ರಿಲೇ ಕೆಲಸ. ಅದು ‘ಟಕ್’ ಎನ್ನದಿದ್ದರೆ ಒಳಗೇನೋ ಕೆಟ್ಟಿದೆ ಎಂದರ್ಥ. ಇಲ್ಲಿ ದೋಷ ಹುಡುಕುವ ಬದಲು ರಿಲೇ ಕಾಂಟ್ಯಾಕ್ಟ್‌ಗಳಿಗೆ ತಂತಿ ಬೆಸೆದು ನೇರ ಮಾಡಿದ್ದರು. ಟ್ರಾನ್ಸಿಸ್ಟರ್ ಶಾರ್ಟ್ ಆದ ಕ್ಷಣ 50 ವೋಲ್ಟ್ ಡಿಸಿ ಸೀದಾ ಸ್ಪೀಕರಿನೊಳಗಿನ ತಂತಿ ಸುರುಳಿಗೆ, ಅಂದರೆ ಕಾಯಿಲ್‌ಗೆ ಹೋಯಿತು. 8 ಓಮ್ ಸ್ಪೀಕರಿನ ಕಾಯಿಲ್ ಡಿಸಿಗೆ ಸುಮಾರು 6 ಓಮ್. ಲೆಕ್ಕ ಹಾಕಿದರೆ 400 ವ್ಯಾಟಿಗೂ ಮೇಲೆ, ಅಷ್ಟೂ ಶಾಖವೇ. ತಿಳಿಯದೆ ಆದ ತಪ್ಪು ಎನ್ನಲು ಇಲ್ಲಿ ಜಾಗವೇ ಇಲ್ಲ.

ಆದ್ದರಿಂದ ಸಂಡೇ ಬಜಾರ್ ಇರಲಿ, ಅಂಗಡಿ ಇರಲಿ, ಮಾರುವವರ ಮನೆಯೇ ಇರಲಿ, ಮುಚ್ಚಳ ತೆಗೆಯಲು ಒಪ್ಪದಿದ್ದರೆ ಎದ್ದು ಬನ್ನಿ. ಒಪ್ಪಿದರೆ ಮೊದಲು ಪ್ಲಗ್ ತೆಗೆದೇ ನೋಡಿ: ಎಡ ಬಲ ಎರಡೂ ಕಡೆ ಒಂದೇ ನಂಬರಿನ ಟ್ರಾನ್ಸಿಸ್ಟರ್ ಇದೆಯೇ, ಫ್ಯೂಸ್ ಮೇಲಿನ ಸಂಖ್ಯೆ ಬೋರ್ಡಿನ ಮೇಲಿನದಕ್ಕೆ ಹೊಂದುತ್ತದೆಯೇ, ರಿಲೇ ಕೆಳಗೆ ತಂತಿ ಹಾದಿದೆಯೇ. ಕೆಪಾಸಿಟರ್ ಬುಡದಲ್ಲಿ ಕಂದು ಬಣ್ಣದ ಗೋಂದು ಇದ್ದರೂ ಗಮನಿಸಿ. ಆ ಕಾಲದ ಕೆಲವು ಗೋಂದು ಹಳತಾದಂತೆ ಕರೆಂಟ್ ಹಾಯಿಸುತ್ತದೆ, ಪಕ್ಕದ ಕಾಲುಗಳನ್ನು ತಿನ್ನುತ್ತದೆ.

ಆಮೇಲೆ ಲೈನಿನ ಫೇಸ್ ತಂತಿಗೆ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ (ಕರೆಂಟ್ ಬಲ್ಬಿನ ಮೂಲಕವೇ ಆಂಪ್‌ಗೆ ಹೋಗುವಂತೆ) ಹಾಕಿ ಆನ್ ಮಾಡಿ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಬಲ್ಬು ಒಮ್ಮೆ ಹೊಳೆದು ಮಂದವಾದರೆ ಸರಿ, ಹೊಳೆಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಅದು ಪಾಸಾದರೆ ಬಲ್ಬು ತೆಗೆದು ನೇರ ಕೊಡಿ. ಕೆಲವು ಸೆಕೆಂಡಿನಲ್ಲಿ ರಿಲೇ ಸದ್ದು ಕೇಳಬೇಕು. ಸ್ಪೀಕರ್ ಹಾಕದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಹತ್ತು ನಿಮಿಷ ಬಿಟ್ಟು ಸ್ಪೀಕರ್ ಟರ್ಮಿನಲ್ ಮೇಲೆ ಮಲ್ಟಿಮೀಟರ್ ಹಿಡಿಯಿರಿ. ಡಿಸಿ 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. 100 ದಾಟಿದರೆ ರಿಪೇರಿ ಖರ್ಚು ಬೆಲೆಯಲ್ಲಿ ಕಳೆಯಲೇಬೇಕು.

ಹೊಸದು ಕೊಂಡರೆ ಪಾರಾದಿರಿ ಎಂದಲ್ಲ, ಅಲ್ಲಿನ ಮೋಸ ಬೇರೆ ಥರ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಪುಟ್ಟ ಕ್ಲಾಸ್-ಡಿ (ಟ್ರಾನ್ಸಿಸ್ಟರನ್ನು ವೇಗವಾಗಿ ಆನ್-ಆಫ್ ಮಾಡಿ ಕಡಿಮೆ ಶಾಖದಲ್ಲಿ ನಡೆಯುವ) ಆಂಪ್‌ಗಳ ಡಬ್ಬದ ಮೇಲೆ ‘2×100 ವ್ಯಾಟ್’ ಎಂದಿದ್ದರೆ ಜೊತೆಗೆ ಕೊಟ್ಟ ಅಡಾಪ್ಟರ್ ನೋಡಿ. 19 ವೋಲ್ಟ್, 3 ಆಂಪಿಯರ್ ಅಂದರೆ 57 ವ್ಯಾಟ್; ಅದರಿಂದ ಸತತವಾಗಿ 200 ಬರುವುದು ಹೇಗೆ? ಅಂಥವುಗಳಲ್ಲಿ ಹೆಚ್ಚಾಗಿ ಕಾಣುವ ಟಿಪಿಎ3116 ಚಿಪ್ಪಿನ ರೇಟಿಂಗೇ 21 ವೋಲ್ಟಿನಲ್ಲಿ 4 ಓಮ್‌ಗೆ 2×50. ಕೆಟ್ಟರೆ ಬೋರ್ಡೇ ಬದಲಿಸಬೇಕು. ಹಳೆಯದರಲ್ಲಿ ಪ್ರತಿ ಭಾಗವನ್ನೂ ಬಿಚ್ಚಿ ಹಾಕಬಹುದು, ಅನೇಕ ಮಾಡೆಲ್‌ಗಳ ಸರ್ವಿಸ್ ಮ್ಯಾನುಯಲ್ ಸಿಗುತ್ತದೆ. ಗಟ್ಟಿತನ ಎಂದರೆ ಇದು, ಕೆಜಿ ಲೆಕ್ಕ ಅಲ್ಲ.

ಮೇಲಿನ ಆಂಪ್ ಕೂಡ ಉಳಿಯುವಂಥದ್ದೇ. 63 ವೋಲ್ಟ್ ರೇಟಿಂಗಿನ ಫಿಲ್ಟರ್ ಕೆಪಾಸಿಟರ್, ಎರಡೂ ಚಾನೆಲ್‌ಗೆ ನಂಬಿಕಸ್ಥ ಕಡೆಯಿಂದ ತಂದ ಟ್ರಾನ್ಸಿಸ್ಟರ್ ಜೋಡಿ, ಹೊಸ ರಿಲೇ, ಸರಿಯಾದ ಫ್ಯೂಸ್ ಬೇಕು. ಸ್ಟೆಪ್‌ಡೌನ್ ಅನ್ನು 240ಕ್ಕೆ 100 ಕೊಡುವ ಹಾಗೆ, 500 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯಕ್ಕೆ ಸುತ್ತಿಸಿ. ಟ್ರಾನ್ಸಿಸ್ಟರ್ ಹಾಕಿದ ಮೇಲೆ ಬಯಾಸ್ (ಹಾಡಿಲ್ಲದಾಗಲೂ ಅದರಲ್ಲಿ ಹರಿಯುವ ಸಣ್ಣ ಕರೆಂಟ್) ಹೊಂದಿಸದೆ ಬಿಡಬೇಡಿ, ಕಾದು ಮತ್ತೆ ಹೋಗುತ್ತದೆ. ಒಳಗೆ ಕೈ ಹಾಕುವ ಮುನ್ನ ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳ ಮೇಲೆ 100 ಓಮ್ 5 ವ್ಯಾಟ್ ರೆಸಿಸ್ಟರನ್ನು ಇಕ್ಕಳದಲ್ಲಿ ಹತ್ತು ಸೆಕೆಂಡ್ ಹಿಡಿದು ಚಾರ್ಜ್ ಇಳಿಸಿ, ಮೀಟರಿನಲ್ಲಿ ಸೊನ್ನೆ ಬಂದದ್ದು ನೋಡಿಕೊಳ್ಳಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಬೇಡಿ.